ಸರಪಳಿಗೆ ಮುಂಚಿನ ಎಂಟು ವಾರ

ನಮ್ಮ ಯಾವ ಬಡಾವಣೆಯಲ್ಲಿ ನಡೆದು ಹೋದರೂ ಅಲ್ಲೊಂದು ಇಲ್ಲೊಂದು ಗೇಟಿನ ಮೇಲೆ ‘ನಾಯಿ ಇದೆ, ಎಚ್ಚರಿಕೆ’ ಎಂಬ ಫಲಕ ಕಾಣುತ್ತದೆ. ಒಳಗೆ ಇಣುಕಿದರೆ ಮನೆಯ ಪಕ್ಕದ ಓಣಿಯಲ್ಲೋ ಹಿತ್ತಲಿನ ನೀರಿನ ತೊಟ್ಟಿಯ ಬದಿಯಲ್ಲೋ ಕಟ್ಟಿಹಾಕಿದ ನಾಯಿ. ಸರಪಳಿ ಎಷ್ಟು ಉದ್ದವೋ ಅಷ್ಟಗಲಕ್ಕೆ ನೆಲ ಸವೆದು ಹುಲ್ಲು ಸತ್ತಿರುತ್ತದೆ. ಚಿಲಕದ ಸದ್ದಾದರೆ ಸಾಕು, ಕೊರಳಪಟ್ಟಿ ಕಿತ್ತುಹೋಗುವ ಹಾಗೆ ಎಗರುತ್ತದೆ. ಮನೆಯವರನ್ನು ಕೇಳಿದರೆ, “ಏನ್ ಮಾಡೋದು, ಬಿಟ್ರೆ ಕಚ್ಚುತ್ತೆ” ಎನ್ನುತ್ತಾರೆ. ಅದೇ ನಾಯಿ ಒಂದೂವರೆ ವರ್ಷದ ಹಿಂದೆ ಮಡಿಲಲ್ಲಿ ಮಲಗುತ್ತಿದ್ದ ಮರಿ. ಅದಕ್ಕೆ ಹೆಸರಿಡುವ ವಿಷಯಕ್ಕೆ ಮಕ್ಕಳು ಜಗಳವಾಡಿದ್ದರು, ಬಂದವರೆಲ್ಲ ಎತ್ತಿಕೊಂಡು ಫೋಟೋ ತೆಗೆಸಿಕೊಂಡಿದ್ದರು.

ನಡುವೆ ಏನಾಯಿತು? ಸಾಮಾನ್ಯವಾಗಿ ನಾವು ತಳಿಯ ಕಡೆಗೋ ನಾಯಿಯ ಹುಟ್ಟುಗುಣದ ಕಡೆಗೋ ಬೆರಳು ತೋರಿಸುತ್ತೇವೆ. ತಳಿಗೂ ಹುಟ್ಟುಗುಣಕ್ಕೂ ಪಾಲಿದೆ, ಇಲ್ಲವೆನ್ನುವುದಿಲ್ಲ. ಆದರೆ ಬಹುಪಾಲು ಮನೆಗಳಲ್ಲಿ ಆ ಸರಪಳಿಯ ಮೊದಲ ಕೊಂಡಿ ಬೀಳುವುದು ಮರಿಯ ಎಂಟನೇ ವಾರದಿಂದ ಹದಿನಾರನೇ ವಾರದೊಳಗೆ, ಅಂದರೆ ಅದು ಮನೆಗೆ ಬಂದ ಮೊದಲ ಎರಡು ತಿಂಗಳಲ್ಲಿ ಎಂಬುದು ನನ್ನ ವಾದ. ಮರಿ ಸಾಕುವುದೆಂದರೆ ಹಾಲು, ಅನ್ನ, ಇಂಜೆಕ್ಷನ್ ಎಂದು ನಾವು ತಿಳಿದಿದ್ದೇವೆ. ಅವೆಲ್ಲ ಬೇಕೇ ಬೇಕು. ಆದರೆ ಅಷ್ಟೇ ಮುಖ್ಯವಾದ ಇನ್ನೊಂದು ಕೆಲಸವನ್ನು, ಮರಿಗೆ ಲೋಕದ ಪರಿಚಯ ಮಾಡಿಸುವುದನ್ನು, ನಾವು ಆರೈಕೆಯ ಲೆಕ್ಕಕ್ಕೇ ಹಿಡಿದಿಲ್ಲ.

ಅಮೆರಿಕದ ಮೇಯ್ನ್ ರಾಜ್ಯದ ಬಾರ್ ಹಾರ್ಬರ್‌ನಲ್ಲಿರುವ ಜಾಕ್ಸನ್ ಪ್ರಯೋಗಾಲಯದಿಂದ 1961ರಲ್ಲಿ ಒಂದು ಸಂಶೋಧನಾ ವರದಿ ಹೊರಬಂತು. ಎತ್ತರದ ಬೇಲಿಯೊಳಗಿನ ಬಯಲಿನಲ್ಲಿ ಮರಿಗಳನ್ನು ತಾಯಿಯ ಜೊತೆಗೇ ಬೆಳೆಸಿದ್ದರು. ಊಟಕ್ಕೆ, ನೀರಿಗೆ, ಓಡಾಟಕ್ಕೆ ಕೊರತೆಯಿರಲಿಲ್ಲ. ಮನುಷ್ಯರ ಒಡನಾಟ ಮಾತ್ರ ಇರಲಿಲ್ಲ. ಬೇರೆ ಬೇರೆ ಗುಂಪಿನ ಮರಿಗಳನ್ನು ಬೇರೆ ಬೇರೆ ವಯಸ್ಸಿನಲ್ಲಿ ಒಂದು ವಾರದ ಮಟ್ಟಿಗೆ ಒಳಗೆ ತಂದು ದಿನವೂ ಆಡಿಸಿ ವಾಪಸು ಬಿಡುತ್ತಿದ್ದರು. ಐದರಿಂದ ಒಂಬತ್ತನೇ ವಾರದ ಆಸುಪಾಸಿನಲ್ಲಿ ಆ ಒಂದು ವಾರ ಸಿಕ್ಕ ಮರಿಗಳು ಮನುಷ್ಯರಿಗೆ ಸುಲಭವಾಗಿ ಹೊಂದಿಕೊಂಡವು. ಹದಿನಾಲ್ಕನೇ ವಾರದವರೆಗೂ ಯಾರ ಕೈಗೂ ಸಿಗದ ಮರಿಗಳು ಹತ್ತಿರ ಹೋದರೆ ಕಾಡುಪ್ರಾಣಿಗಳಂತೆ ಬೆದರುತ್ತಿದ್ದವು. ಇವನ್ನು ಯಾರೂ ಹೊಡೆದಿರಲಿಲ್ಲ, ಹಸಿವಿನಲ್ಲಿ ಕೆಡವಿರಲಿಲ್ಲ. ಸಿಗಬೇಕಾದ ಪರಿಚಯ ಸಿಗಬೇಕಾದ ಹೊತ್ತಿನಲ್ಲಿ ಸಿಕ್ಕಿರಲಿಲ್ಲ, ಅಷ್ಟೇ. ಅದೇ ಪ್ರಯೋಗಾಲಯದ ಸ್ಕಾಟ್ ಮತ್ತು ಫುಲ್ಲರ್ ವರ್ಷಗಟ್ಟಲೆ ನಡೆಸಿದ ಅಧ್ಯಯನವನ್ನು 1965ರಲ್ಲಿ ಪುಸ್ತಕವಾಗಿ ತಂದರು; ಮರಿಗಳ ಈ ಎಳೆಯ ಕಾಲದ ಬಗ್ಗೆ ಇಂದು ಪಶುವೈದ್ಯರು ಹೇಳುವ ಮಾತಿಗೆ ಬುನಾದಿ ಅದೇ.

ಇದರ ಒಳಗುಟ್ಟು ಸರಳ. ಎರಡು ವಾರಕ್ಕೆ ಮರಿ ಕಣ್ಣು ಬಿಡುತ್ತದೆ, ಮೂರನೇ ವಾರಕ್ಕೆ ಕಿವಿ ಕೇಳತೊಡಗುತ್ತದೆ. ಅಲ್ಲಿಂದ ಮುಂದೆ ಕೆಲವು ವಾರ ಅದಕ್ಕೆ ಭಯಕ್ಕಿಂತ ಕುತೂಹಲ ಹೆಚ್ಚು. ಹೊಸದೇನು ಕಂಡರೂ ಹತ್ತಿರ ಹೋಗಿ ಮೂಸುತ್ತದೆ. ಹನ್ನೆರಡು, ಹದಿನಾಲ್ಕನೇ ವಾರದ ಹೊತ್ತಿಗೆ ಈ ತಕ್ಕಡಿ ತಿರುಗುತ್ತದೆ: ಅಷ್ಟರೊಳಗೆ ಕಂಡದ್ದು, ಕೇಳಿದ್ದು, ಮೂಸಿದ್ದು ‘ನಮ್ಮದು’, ಕಾಣದ್ದೆಲ್ಲ ಅನುಮಾನದ್ದು. ಗವಿಯಿಂದ ಹೊರಬಂದು ತಾನೇ ಅಲೆಯಬೇಕಾದ ಪ್ರಾಣಿಗೆ ಈ ಎಚ್ಚರ ಜೀವ ಉಳಿಸುವಂಥದ್ದು. ಮನೆನಾಯಿಯಲ್ಲೂ ಅದು ಹಾಗೇ ಉಳಿದುಬಂದಿದೆ. ಕಲಿಕೆ ಆ ಮೇಲೂ ನಡೆಯುತ್ತದೆ, ದೊಡ್ಡ ನಾಯಿಯ ಹೆದರಿಕೆಯನ್ನೂ ಕಡಿಮೆ ಮಾಡಬಹುದು. ಆದರೆ ಎಂಟನೇ ವಾರದಲ್ಲಿ ಒಂದು ಮಧ್ಯಾಹ್ನ ಹಿಡಿಯುವ ಕೆಲಸ ಒಂದು ವರ್ಷದ ನಾಯಿಯಲ್ಲಿ ತಿಂಗಳುಗಟ್ಟಲೆ ಹಿಡಿಯುತ್ತದೆ.

ಹಾಗಾದರೆ ಆದಷ್ಟು ಎಳೆಯ ಮರಿಯನ್ನೇ ತರುವುದು ಒಳ್ಳೆಯದಲ್ಲವೇ ಎಂದು ಕೇಳಬಹುದು. ಮಾರುವವರು ಹೇಳುವುದೂ ಅದನ್ನೇ: “ಒಂದು ತಿಂಗಳ ಮರಿ ತಗೊಂಡ್ಹೋಗಿ ಸಾರ್, ನಿಮಗೇ ಹೊಂದ್ಕೊಳ್ಳುತ್ತೆ.” ಇದರಲ್ಲಿ ಅರ್ಧ ಸತ್ಯವಿದೆ, ಉಳಿದರ್ಧ ವ್ಯಾಪಾರ. ಮರಿ ಚಿಕ್ಕದಿದ್ದಷ್ಟೂ ನೋಡಲು ಮುದ್ದು, ಬೇಗ ಮಾರಾಟವಾದಷ್ಟೂ ಸಾಕುವ ಖರ್ಚು ಕಡಿಮೆ. ಆದರೆ ಐದರಿಂದ ಎಂಟನೇ ವಾರದವರೆಗೆ ಮರಿ ತಾಯಿಯಿಂದ, ಒಡಹುಟ್ಟಿದವುಗಳಿಂದ ಕಲಿಯುವ ಒಂದು ಪಾಠವನ್ನು ನಾವು ಎಷ್ಟು ಪ್ರೀತಿಯಿಂದ ಸಾಕಿದರೂ ಹಾಗೆಯೇ ಕಲಿಸಲಾರೆವು. ಆಟದಲ್ಲಿ ಒಂದು ಮರಿ ಇನ್ನೊಂದರ ಕಿವಿಯನ್ನು ಜೋರಾಗಿ ಕಚ್ಚುತ್ತದೆ. ಕಚ್ಚಿಸಿಕೊಂಡದ್ದು ಕಿರುಚಿ ಆಟ ಬಿಟ್ಟು ಎದ್ದು ಹೋಗುತ್ತದೆ. ದಿನಕ್ಕೆ ಹತ್ತಾರು ಸಲ ಹೀಗಾಗಿ, ಎಷ್ಟು ಜೋರಾಗಿ ಕಚ್ಚಿದರೆ ಆಟ ನಿಲ್ಲುತ್ತದೆ ಎಂಬ ಅಳತೆ ಅದರ ದವಡೆಗೆ ಸಿಗುತ್ತದೆ. ತಿಂಗಳಿಗೇ ಕಿತ್ತು ತಂದ ಮರಿಗೆ ಆ ಅಳತೆ ಇರುವುದಿಲ್ಲ. 2017ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಾಯಿ ತಳಿವೃದ್ಧಿ ಮತ್ತು ಮಾರಾಟದ ನಿಯಮಗಳು 8 ವಾರ ತುಂಬದ ಮರಿಯನ್ನು ಮಾರಕೂಡದು ಎಂದಿವೆ. ಕೊಳ್ಳುವವರು ತಾಯಿನಾಯಿಯನ್ನು ತೋರಿಸಿ ಎಂದು ಕೇಳಬೇಕು, ಮರಿಯ ಹುಟ್ಟಿದ ತಾರೀಖು ಕೇಳಬೇಕು. ತೋರಿಸಲು ಹಿಂಜರಿದರೆ ಬರಿಗೈಯಲ್ಲಿ ವಾಪಸು ಬರಬೇಕು, ಮಕ್ಕಳು ಎಷ್ಟೇ ಅತ್ತರೂ.

ಈ ವಿಷಯದಲ್ಲಿ ನಮ್ಮ ಬೀದಿಯ ಮರಿಗಳಿಗೆ ಸಲ್ಲಬೇಕಾದ ಗೌರವ ಸಂದಿಲ್ಲ ಎಂದು ನನಗನ್ನಿಸುತ್ತದೆ. ಚಳಿಗಾಲದ ಹೊತ್ತಿಗೆ ಮೋರಿಯ ಪಕ್ಕ, ಕಟ್ಟುತ್ತಿರುವ ಮನೆಯ ಮರಳರಾಶಿಯ ಮೇಲೆ ಹುಟ್ಟಿದ ಮರಿ ಎರಡು ತಿಂಗಳಿಗೆ ಬಸ್ಸಿನ ಹಾರನ್ನು, ಶಾಲೆ ಬಿಟ್ಟ ಮಕ್ಕಳ ಗಲಾಟೆ, ತಳ್ಳುಗಾಡಿ, ಹಸು, ಗಡ್ಡದವರು, ಟೋಪಿಯವರು ಎಲ್ಲವನ್ನೂ ತಾಯಿಯ ಪಕ್ಕದಲ್ಲಿ ನಿಂತು ನೋಡಿರುತ್ತದೆ. ಅಂಗಡಿಯ ಪಂಜರದಲ್ಲಿ ಬೆಳೆದ ದುಬಾರಿ ಮರಿ ಈ ಯಾವುದನ್ನೂ ಕಂಡಿರುವುದಿಲ್ಲ. ಬೀದಿಯ ಮರಿಯನ್ನು ತರುವಾಗಲೂ ಜನ ಗಂಡನ್ನು ಆರಿಸಿ ಹೆಣ್ಣನ್ನು ಬಿಟ್ಟುಬರುತ್ತಾರೆ. ಹೆಣ್ಣುಮರಿಗಳು ಗೋಣಿಚೀಲದಲ್ಲಿ ಸಂತೆಮಾಳಕ್ಕೋ ಮೀನು ಮಾರ್ಕೆಟ್ಟಿಗೋ ಹೋಗುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಆರು ತಿಂಗಳ ಮೇಲೆ ಪಶುವೈದ್ಯರನ್ನು ಕೇಳಿ ಸಂತಾನಹರಣದ ಆಪರೇಷನ್ ಮಾಡಿಸಿದರೆ ಹೆಣ್ಣುನಾಯಿಯಷ್ಟು ಮನೆಗೆ ಒಗ್ಗುವ ಪ್ರಾಣಿ ಇನ್ನೊಂದಿಲ್ಲ. ಬೀದಿನಾಯಿಗಳ ಬಗ್ಗೆ 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟಿನ ಆದೇಶಗಳು ಬಂದಾಗ ಊರೂರಲ್ಲಿ ವಾದ ನಡೆಯಿತು. ಬೀದಿಗೆ ನಾಯಿಗಳನ್ನು ಸೇರಿಸುತ್ತಿರುವವರಲ್ಲಿ ಮನೆಯವರೂ ಇದ್ದೇವೆ ಎಂಬ ಮಾತು ಅಲ್ಲಿ ಕೇಳಿಸಿದ್ದು ಕಡಿಮೆ.

ಈಗ ನಿಜವಾದ ತೊಡಕಿನ ಜಾಗಕ್ಕೆ ಬರುತ್ತೇನೆ. ಮರಿಗೆ ಲೋಕ ತೋರಿಸಬೇಕಾದ ವಾರಗಳು ಯಾವುವೋ, ಅದಕ್ಕೆ ರೋಗದ ಅಪಾಯ ಹೆಚ್ಚಿರುವ ವಾರಗಳೂ ಅವೇ. ಪಾರ್ವೋ ವೈರಸ್ 1978ರಲ್ಲಿ ಜಗತ್ತಿನಾದ್ಯಂತ ಕಾಣಿಸಿಕೊಂಡಾಗ ಮರಿಗಳು ಗುಂಪುಗುಂಪಾಗಿ ಸತ್ತವು. ಇವತ್ತಿಗೂ ವಾಂತಿ, ರಕ್ತಭೇದಿಯಿಂದ ಎರಡು ಮೂರು ದಿನದಲ್ಲಿ ಮರಿಯನ್ನು ಮುಗಿಸುವ ರೋಗ ಅದು. ಆ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ, ಸೋಪಿಗೆ ಜಗ್ಗುವುದಿಲ್ಲ, ಬ್ಲೀಚಿಂಗ್ ನೀರಿಗೆ ಸಾಯುತ್ತದೆ. ಅದರಿಂದ ಮರಿ ಸತ್ತ ಮನೆಗೆ ಬೇಗನೆ ಇನ್ನೊಂದು ಎಳೆಮರಿ ತರಬಾರದು. ಲಸಿಕೆಯನ್ನು ಆರೆಂಟು ವಾರಕ್ಕೆ ಶುರುಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರನೇ ವಾರದವರೆಗೆ ಕೊಡುತ್ತಾರೆ. ಇಷ್ಟು ಸಲ ಯಾಕೆ, ದುಡ್ಡು ಮಾಡಲಿಕ್ಕೆ ಎಂದು ಕೆಲವರು ಅನುಮಾನಪಡುತ್ತಾರೆ. ಹಾಗಲ್ಲ. ತಾಯಿಯ ಮೊದಲ ಹಾಲಿನಿಂದ ಮರಿಗೆ ಬಂದ ರಕ್ಷಣೆ ಇರುವಷ್ಟು ದಿನ ಅದು ಲಸಿಕೆಯನ್ನೂ ಕೆಲಸ ಮಾಡಲು ಬಿಡುವುದಿಲ್ಲ. ಆ ರಕ್ಷಣೆ ಒಂದು ಮರಿಯಲ್ಲಿ ಏಳನೇ ವಾರಕ್ಕೆ ಇಳಿದರೆ ಇನ್ನೊಂದರಲ್ಲಿ ಹದಿನಾಲ್ಕನೇ ವಾರಕ್ಕೆ ಇಳಿಯುತ್ತದೆ. ಯಾವಾಗ ಎಂದು ಹೊರಗಿನಿಂದ ತಿಳಿಯದ್ದರಿಂದ ಮತ್ತೆ ಮತ್ತೆ ಕೊಡಬೇಕಾಗುತ್ತದೆ. ಹಾಗಾಗಿ “ಎಲ್ಲ ಇಂಜೆಕ್ಷನ್ ಮುಗಿಯೋವರೆಗೂ ಹೊರಗೆ ಕರ್ಕೊಂಡ್ಹೋಗಬೇಡಿ” ಎಂದು ಪಶು ಆಸ್ಪತ್ರೆಯಲ್ಲಿ ಹೇಳುವ ಮಾತಿಗೆ ಕಾರಣವಿದೆ.

ಆ ಮಾತನ್ನು ಅಕ್ಷರಶಃ ಪಾಲಿಸಿದರೆ ಮಾತ್ರ ಮರಿ ಹದಿನಾರು ವಾರ ನಾಲ್ಕು ಗೋಡೆಯೊಳಗೆ ಉಳಿದು, ಕುತೂಹಲದ ಬಾಗಿಲು ಮುಚ್ಚಿದ ಮೇಲೆ ಮೊದಲ ಬಾರಿ ರಸ್ತೆ ನೋಡುತ್ತದೆ. ಅಮೆರಿಕದ ಪ್ರಾಣಿ ವರ್ತನೆಯ ಪಶುವೈದ್ಯರ ಸಂಘ 2008ರಲ್ಲೇ ಈ ಬಗ್ಗೆ ಸ್ಪಷ್ಟ ನಿಲುವು ತಳೆಯಿತು: ಮೊದಲ ಸುತ್ತಿನ ಲಸಿಕೆಯಾಗಿ ಒಂದು ವಾರ ಕಳೆದ ಮೇಲೆ ಮರಿಯನ್ನು ಎಚ್ಚರಿಕೆಯಿಂದ ಹೊರಗಿನವರಿಗೂ ಬೇರೆ ಮರಿಗಳಿಗೂ ಪರಿಚಯಿಸಬಹುದು, ಪರಿಚಯಿಸಬೇಕು. ನಮ್ಮ ಊರುಗಳಲ್ಲಿ ರೋಗದ ಒತ್ತಡ ಹೆಚ್ಚು ಎಂದು ಇದಕ್ಕೆ ಆಕ್ಷೇಪ ಬರುತ್ತದೆ. ಬೀದಿಯ ಮಣ್ಣು ಅಪಾಯ, ನಿಜ. ಆದರೆ ಲೋಕ ತೋರಿಸಲು ಮರಿಯನ್ನು ಮಣ್ಣಿಗೆ ಬಿಡಲೇಬೇಕೆಂದಿಲ್ಲವಲ್ಲ.

ಎತ್ತಿಕೊಂಡು ಹೋಗಬಹುದು. ಬಟ್ಟೆಯ ಚೀಲದೊಳಗೆ ಟವೆಲ್ ಹಾಸಿ, ತಲೆ ಮಾತ್ರ ಹೊರಗಿರುವ ಹಾಗೆ ಎದೆಗೆ ಒರಗಿಸಿಕೊಂಡು, ಬೆಳಿಗ್ಗೆ ಏಳೂವರೆಗೆ ಮೈಸೂರಿನ ದೇವರಾಜ ಮಾರುಕಟ್ಟೆಯ ಹೊರಬಾಗಿಲ ಬಳಿ ಹತ್ತು ನಿಮಿಷ ನಿಂತರೆ ಒಂಬತ್ತು ವಾರದ ಮರಿಗೆ ಎಷ್ಟು ಸಿಗುತ್ತದೆ ನೋಡಿ. ಮೊದಲು ಮೂಗು ಮಾತ್ರ ಅಲ್ಲಾಡುತ್ತದೆ: ಮಲ್ಲಿಗೆ, ಕೊತ್ತಂಬರಿ, ಕೊಳೆತ ಬಾಳೆ. ಆಟೋ ಹಾರನ್ನಿಗೆ ಕಿವಿ ಹಿಂದಕ್ಕೆ ಹೋಗುತ್ತದೆ, ಮೈ ಬಿಗಿಯಾಗುತ್ತದೆ. ಆಗ ಎರಡು ಹೆಜ್ಜೆ ಹಿಂದೆ ಸರಿಯಬೇಕು, ಬೇಯಿಸಿದ ಕೋಳಿಯ ಚೂರೊಂದನ್ನು ಬಾಯಿಗಿಡಬೇಕು. ತಿಂದರೆ ಪರವಾಗಿಲ್ಲ, ಇನ್ನೂ ನಿಲ್ಲಬಹುದು. ಮುಖ ತಿರುಗಿಸಿದರೆ ಅವತ್ತಿಗೆ ಅಷ್ಟು ಸಾಕು, ಮನೆಗೆ ಹೊರಡಬೇಕು. ಮೂರನೆಯ ಹಾರನ್ನಿಗೆ ಕಿವಿ ಮಾತ್ರ ಅಲ್ಲಾಡಿ ಕಣ್ಣು ನಿಮ್ಮ ಕೈಯ ಕಡೆ ತಿರುಗಿತೆಂದರೆ, ಇನ್ನು ಹತ್ತು ವರ್ಷ ಆ ಸದ್ದು ಅದನ್ನು ಕಾಡದಿರುವ ದಾರಿಗೆ ಬಿತ್ತು ಎಂದೇ ಅರ್ಥ.

ಮನೆಯೊಳಗೂ ಮಾಡುವುದು ಬೇಕಾದಷ್ಟಿದೆ. ಕುಕ್ಕರ್ ಸೀಟಿ, ಮಿಕ್ಸಿ, ಛತ್ರಿ ಬಿಚ್ಚುವ ಸದ್ದು, ಹೆಲ್ಮೆಟ್ ಹಾಕಿಕೊಂಡ ಅಪ್ಪ, ಊರುಗೋಲಿನ ಅಜ್ಜ, ಬುರ್ಖಾ ತೊಟ್ಟ ಪಕ್ಕದ ಮನೆಯವರು, ಗ್ಯಾಸ್ ಸಿಲಿಂಡರ್ ಉರುಳಿಸಿಕೊಂಡು ಬರುವ ಹುಡುಗ, ತೆವಳುವ ಕೂಸು ಎಲ್ಲರೂ ಮರಿಯ ಪಾಲಿಗೆ ಮೇಷ್ಟ್ರುಗಳು. ಬಂದವರ ಕೈಗೆ ಒಂದು ತುಣುಕು ತಿಂಡಿ ಕೊಟ್ಟು, ಮರಿ ತಾನಾಗಿ ಹತ್ತಿರ ಹೋದರೆ ಮಾತ್ರ ಕೊಡಿ ಎಂದರೆ ಸಾಕು. ಹೆದರಿದ ಮರಿಯನ್ನು ಎಳೆದು ತಂದು ಮುಟ್ಟಿಸಿದರೆ ಹೆದರಿಕೆಯೇ ಗಟ್ಟಿಯಾಗುತ್ತದೆ. ಪಾದ, ಕಿವಿ, ಬಾಯೊಳಗೆ ದಿನವೂ ಬೆರಳಾಡಿಸಬೇಕು. ನಾಳೆ ಉಣ್ಣಿ ತೆಗೆಯಲು, ಉಗುರು ಕತ್ತರಿಸಲು, ಡಾಕ್ಟರು ನೋಡಲು ಬಿಟ್ಟುಕೊಳ್ಳುತ್ತದೆ. ಲಸಿಕೆ ಹಾಕಿಸಿದ ಆರೋಗ್ಯವಂತ ನಾಯಿಯಿರುವ ಗೆಳೆಯರ ಅಂಗಳಕ್ಕೆ ಕರೆದೊಯ್ಯುವುದರಲ್ಲಿ ಅಪಾಯ ಕಡಿಮೆ, ಲಾಭ ಹೆಚ್ಚು.

“ಎಲ್ಲರನ್ನೂ ಹಚ್ಚಿಕೊಂಡರೆ ಕಾವಲಿಗೆ ಏನು ಪ್ರಯೋಜನ?” ಎಂಬ ಪ್ರಶ್ನೆ ಬಂದೇ ಬರುತ್ತದೆ. ತೋಟದ ಮನೆಗಳಲ್ಲಿ, ಒಂಟಿ ಮನೆಗಳಲ್ಲಿ ಈ ಪ್ರಶ್ನೆಗೆ ತೂಕವಿದೆ. ಕಳ್ಳರ ಭಯ, ಚಿರತೆಯ ಭಯ ಎರಡೂ ನಿಜ. ಅದಕ್ಕೇ ಮರಿಯನ್ನು ಹಗಲೆಲ್ಲ ಕತ್ತಲ ಕೊಟ್ಟಿಗೆಯಲ್ಲಿ ಕಟ್ಟಿ, ಯಾರಿಗೂ ಮುಟ್ಟಲು ಬಿಡದೆ, ‘ಜೋರು’ ಮಾಡುವ ಪದ್ಧತಿ ಬೆಳೆದಿದೆ. ಆದರೆ ಆ ಜೋರು ಬರುವುದು ಹೆದರಿಕೆಯಿಂದ. ಹೆದರಿದ ನಾಯಿಗೆ ಕಳ್ಳನೂ ಒಂದೇ, ಹಾಲಿನವನೂ ಒಂದೇ, ರಜೆಗೆ ಬಂದ ಮೊಮ್ಮಗುವೂ ಒಂದೇ. ಯಾರು ಒಳಗಿನವರು, ಯಾರು ಹೊರಗಿನವರು, ಯಾವ ಹೊತ್ತಿನ ಸದ್ದು ಸಹಜ, ಯಾವುದು ಅಸಹಜ ಎಂದು ತಿಳಿಯಬೇಕಾದರೆ ಸಹಜವಾದದ್ದನ್ನು ಚೆನ್ನಾಗಿ ಕಂಡಿರಬೇಕು. ಅಪರಿಚಿತರಿಗೆ ಬೊಗಳುವುದನ್ನು ನಾಯಿಗೆ ಯಾರೂ ಕಲಿಸಬೇಕಿಲ್ಲ, ಹರೆಯಕ್ಕೆ ಬರುತ್ತಿದ್ದಂತೆ ತಾನೇ ಶುರುಮಾಡುತ್ತದೆ. ಪೊಲೀಸ್ ಶ್ವಾನದಳದ ನಾಯಿ ದಸರಾ ಜನಜಂಗುಳಿಯ ನಡುವೆ ತನ್ನ ಕೆಲಸದ ಮೇಲೆ ಗಮನವಿಟ್ಟು ನಡೆಯುತ್ತದೆ. ಹೆದರುಪುಕ್ಕಲು ನಾಯಿಯಿಂದ ಆ ಕೆಲಸ ಸಾಧ್ಯವಿಲ್ಲ. ನಮ್ಮ ಮುಧೋಳ ನಾಯಿಯ ಮಾತೂ ಅಷ್ಟೇ. ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಅದರ ಸಂಶೋಧನೆಗೆಂದೇ ಕೇಂದ್ರವಿದೆ, 2005ರಲ್ಲಿ ಅಂಚೆ ಚೀಟಿಯೂ ಬಂದಿದೆ. ಬಯಲಲ್ಲಿ ಓಡಲೆಂದೇ ಬೆಳೆದುಬಂದ ಆ ತಳಿಯ ಮರಿಯನ್ನು ಹೆಮ್ಮೆಯಿಂದ ತಂದು ಮೂರಡಿ ಸರಪಳಿಗೆ ಕಟ್ಟುವುದನ್ನು ಕಂಡಾಗ ಸಂಕಟವಾಗುತ್ತದೆ.

ಕಚ್ಚುವುದರ ಬಗ್ಗೆ ಒಂದು ಮಾತು. ಮೂರೂವರೆ ನಾಲ್ಕು ತಿಂಗಳಿಗೆ ಮರಿಯ 28 ಹಾಲುಹಲ್ಲು ಬಿದ್ದು 42 ಹಲ್ಲು ಬರತೊಡಗುತ್ತವೆ. ವಸಡು ಕಡಿಯುತ್ತದೆ, ಚಪ್ಪಲಿ ಸಿಕ್ಕರೆ ಚಪ್ಪಲಿ, ಕೈ ಸಿಕ್ಕರೆ ಕೈ. ಚಿಕ್ಕದಿದ್ದಾಗ ನಕ್ಕು ಕೈ ಕೊಡುವವರೇ ಐದು ತಿಂಗಳಿಗೆ ಮೂತಿಗೆ ಹೊಡೆಯುತ್ತಾರೆ. ಅದಕ್ಕೆ ಅರ್ಥವಾಗುವುದು ಇಷ್ಟೇ, ಕೈ ಎಂದರೆ ಪೆಟ್ಟು. ಕಚ್ಚಿದ ಕೂಡಲೇ ಆಟ ನಿಲ್ಲಿಸಿ ಎದ್ದುಹೋಗುವುದು, ಜಗಿಯಲು ಬೇರೆ ವಸ್ತು ಕೊಡುವುದು, ಇದನ್ನೇ ಮನೆಯವರೆಲ್ಲ ಒಂದೇ ರೀತಿ ಮಾಡುವುದು ಪೆಟ್ಟಿಗಿಂತ ಬೇಗ ಫಲ ಕೊಡುತ್ತದೆ. ಉಚ್ಚೆ ಹೊಯ್ದ ಜಾಗಕ್ಕೆ ಮೂತಿ ಉಜ್ಜುವ ಪದ್ಧತಿಯನ್ನಂತೂ ಬಿಟ್ಟೇಬಿಡಬೇಕು. ಎರಡು ಮೂರು ತಿಂಗಳ ಮರಿಗೆ ಮೂರು ಗಂಟೆಗಿಂತ ಹೆಚ್ಚು ತಡೆದುಕೊಳ್ಳುವ ಶಕ್ತಿಯೇ ಇರುವುದಿಲ್ಲ. ಎದ್ದ ಕೂಡಲೇ, ಉಂಡ ಮೇಲೆ, ಆಡಿದ ಮೇಲೆ ಒಂದೇ ಜಾಗಕ್ಕೆ ಕರೆದೊಯ್ದು, ಆದ ಮೇಲೆ ಹೊಗಳಿದರೆ ಕಲಿಯುತ್ತದೆ.

ಇನ್ನು ಸಣ್ಣ ಪರಚುಗಾಯದ ವಿಷಯ. “ಮರಿ ಕಚ್ಚಿದ್ರೆ ಏನಾಗಲ್ಲ” ಎಂಬ ನಂಬಿಕೆ ಜೀವ ತೆಗೆಯುವಂಥದ್ದು. ಮರಿಗಳಿಗೂ ರೇಬೀಸ್ ಬರುತ್ತದೆ, ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯನನ್ನು ಉಳಿಸುವ ಮದ್ದಿಲ್ಲ. ಎಲ್ಲಿಂದ ಬಂತೆಂದು ಗೊತ್ತಿಲ್ಲದ ಮರಿಯ ಹಲ್ಲು ಚರ್ಮ ಗೀರಿದರೂ ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಬೇಕು. ಅರಿಶಿನ, ಸುಣ್ಣ, ಕಾಫಿಪುಡಿ ಮೆತ್ತಬಾರದು. ಮರಿಗೆ ಮೂರು ತಿಂಗಳಾಗುತ್ತಿದ್ದಂತೆ ರೇಬೀಸ್ ಲಸಿಕೆ ಹಾಕಿಸಬೇಕು. ಜಂತುಹುಳದ ಔಷಧಿಯನ್ನೂ ಮರೆಯಬಾರದು. ದುಂಡುಹುಳ ತಾಯಿಯ ಹೊಟ್ಟೆಯಲ್ಲಿರುವಾಗಲೇ ಮರಿಗೆ ಸೇರುತ್ತದೆ, ಮಕ್ಕಳಿಗೂ ಹರಡುತ್ತದೆ.

ಊಟದ ಬಗ್ಗೆ ಹೆಚ್ಚು ಬರೆಯಬೇಕಿಲ್ಲ. ಹಸುವಿನ ಹಾಲು ನಾಯಿಯ ಹಾಲಿಗಿಂತ ತೆಳು, ಅದರಲ್ಲಿ ಲ್ಯಾಕ್ಟೋಸ್ ಹೆಚ್ಚು, ಹಲವು ಮರಿಗಳಿಗೆ ಭೇದಿಯಾಗುತ್ತದೆ. ಬರೀ ಹಾಲು-ಅನ್ನ, ಬರೀ ಮುದ್ದೆಯಿಂದ ಮೂಳೆ ಬಲಿಯುವುದಿಲ್ಲ. ಮೊಟ್ಟೆ, ಮೂಳೆ ತೆಗೆದ ಕೋಳಿ, ಇಲ್ಲವೇ ಮರಿಗೆಂದೇ ತಯಾರಿಸಿದ ಆಹಾರ ಬೇಕು. ನಮ್ಮ ಉಳಿದ ಸಾರು-ಪಲ್ಯದಲ್ಲಿರುವ ಈರುಳ್ಳಿ, ಬೆಳ್ಳುಳ್ಳಿ, ಪಾಯಸದ ಒಣದ್ರಾಕ್ಷಿ, ಮಕ್ಕಳ ಕೈಯ ಚಾಕಲೇಟು ನಾಯಿಗೆ ವಿಷ. ಜ್ವರ ಬಂತೆಂದು ನಮ್ಮ ಮಾತ್ರೆ ಮುರಿದು ಹಾಕುವುದೂ ಅಷ್ಟೇ ಅಪಾಯ.

ಇಷ್ಟನ್ನೆಲ್ಲ ಮಾಡುವವರು ಯಾರು? ಬಹಳ ಮನೆಗಳಲ್ಲಿ ಮರಿ ಬೇಕೆನ್ನುವುದು ಮಕ್ಕಳು, ತರುವುದು ಅಪ್ಪ, ಒರೆಸುವುದು ಅಮ್ಮ. ಅಮ್ಮನಿಗೆ ಮೊದಲೇ ಇರುವ ಕೆಲಸದ ಮೇಲೆ ಇದೂ ಬಿದ್ದಾಗ ಮರಿಗೆ ಸಿಗುವುದು ಊಟ ಮತ್ತು ಬೈಗುಳ ಮಾತ್ರ. ಕೊನೆಗೆ ಮನೆ ಕೊಳೆಯಾಗುತ್ತದೆ ಎಂದು ಹೊರಗೆ ಕಟ್ಟುತ್ತಾರೆ. ತಪ್ಪು ಆಕೆಯದಲ್ಲ. ಆಕೆಯನ್ನು ಕೇಳದೆ ತೀರ್ಮಾನ ಮಾಡಿದ್ದೇ ತಪ್ಪು. ಮರಿ ತರುವ ಮುನ್ನ, ಮೊದಲ ಎರಡು ತಿಂಗಳು ಬೆಳಿಗ್ಗೆ ಯಾರು, ಮಧ್ಯಾಹ್ನ ಯಾರು, ಮೊದಲ ರಾತ್ರಿಗಳಲ್ಲಿ ಅತ್ತಾಗ ಏಳುವವರು ಯಾರು ಎಂದು ಹೆಸರು ಹಿಡಿದು ಹೇಳಲಾಗದ ಮನೆ ಮರಿ ತರಬಾರದು. (ಆ ಅಳುವಿಗೆ ಮದ್ದು ಸುಲಭ: ಹಾಸಿಗೆಯ ಪಕ್ಕ ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸಿ, ಕೈಗೆ ಎಟುಕುವ ಹಾಗೆ. ನೆನ್ನೆಯವರೆಗೆ ತಾಯಿಯ ಮೈಗಂಟಿ ಮಲಗಿದ್ದ ಜೀವವನ್ನು ಸ್ಟೋರ್ ರೂಮಿಗೆ ಹಾಕಿ ಬಾಗಿಲು ಮುಚ್ಚಬೇಡಿ.) ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಒಂಬತ್ತಕ್ಕೆ ಹೊರಟು ಸಂಜೆ ಏಳಕ್ಕೆ ಬರುವ ಬೆಂಗಳೂರಿನ ಫ್ಲ್ಯಾಟಿಗೆ ಎರಡು ತಿಂಗಳ ಮರಿ ಸಲ್ಲದು. ಅಂಥವರು ಎರಡು ಮೂರು ವರ್ಷದ, ಮನೆಯ ಶಿಸ್ತು ಗೊತ್ತಿರುವ ನಾಯಿಯನ್ನು ದತ್ತು ತೆಗೆದುಕೊಳ್ಳಬಹುದು. 1991ರಿಂದ ಬೆಂಗಳೂರಿನಲ್ಲಿರುವ ಕ್ಯೂಪಾದಂಥ ಸಂಸ್ಥೆಗಳಲ್ಲಿ ಅಂಥ ನಾಯಿಗಳು ಮನೆಗಾಗಿ ಕಾಯುತ್ತಿವೆ.

ಕಾನೂನಿನಿಂದ ಇಲ್ಲಿ ಹೆಚ್ಚು ನೆರವು ಸಿಗುವುದಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮು ನಾಯಿಯ ಹೆಸರೆತ್ತಿಯೇ ಹೇಳುತ್ತದೆ: ಸದಾ ಕಟ್ಟಿಹಾಕಿದ ನಾಯಿಗೆ ತಕ್ಕ ಓಡಾಟ ಕೊಡದಿರುವುದು ಅಪರಾಧ. ಮೊದಲ ಸಲದ ದಂಡ 10 ರೂಪಾಯಿಯಿಂದ 50 ರೂಪಾಯಿ. ಆ ಮೊತ್ತವನ್ನು ಇಂದಿನ ಬೆಲೆಗೆ ಏರಿಸಬೇಕು ಎಂಬ ಬೇಡಿಕೆ ನ್ಯಾಯವಾದದ್ದು. ಆದರೆ ಸರಪಳಿ ಕಂಡ ಮೇಲೆ ದಂಡ ಹಾಕುವುದಕ್ಕಿಂತ ಹಿಂದೆಯೇ ಆಗಬೇಕಾದ, ಖರ್ಚಿಲ್ಲದ ಕೆಲಸವೊಂದಿದೆ. ಪಶು ಆಸ್ಪತ್ರೆಗೆ ಮರಿಯನ್ನು ಮೊದಲ ಇಂಜೆಕ್ಷನ್ನಿಗೆ ಕರೆತಂದಾಗ ಲಸಿಕೆಯ ಕಾರ್ಡು ಕೊಡುತ್ತಾರೆ. ಅದರ ಹಿಂಬದಿ ಖಾಲಿಯಿರುತ್ತದೆ. ಮುಂದಿನ ಎಂಟು ವಾರ ಮರಿಗೆ ಏನೇನು ತೋರಿಸಬೇಕು, ಏನೇನು ಕೇಳಿಸಬೇಕು, ಹೇಗೆ ಎತ್ತಿಕೊಂಡು ಹೋಗಬೇಕು, ಯಾವಾಗ ಹಿಂದೆ ಸರಿಯಬೇಕು ಎಂಬುದನ್ನು ಕನ್ನಡದಲ್ಲಿ ಅಲ್ಲಿ ಅಚ್ಚು ಮಾಡಿಸಬೇಕು. “ಹೊರಗೆ ಬಿಡಬೇಡಿ” ಎನ್ನುವ ವೈದ್ಯರು “ಎತ್ತಿಕೊಂಡು ಸುತ್ತಾಡಿಸಿ” ಎಂಬ ಇನ್ನೆರಡು ಮಾತನ್ನೂ ಸೇರಿಸಬೇಕು, ಅದೂ ಮೊದಲ ಭೇಟಿಯಲ್ಲೇ. ಹದಿನಾರನೇ ವಾರದ ಕೊನೆಯ ಡೋಸಿಗೆ ಬರುವ ಹೊತ್ತಿಗೆ ಆ ಕಾಗದ ಕೊಟ್ಟರೆ ತಡವಾಗಿರುತ್ತದೆ.